ಕರಗಿಹೋದ ಕುಸುರೆಳ್ಳು

ಆರಿದ ಚಹಕ್ಕೆ ಸಕ್ಕರೆ ಹಾಕಿ, ಎಷ್ಟು ಕಲಕಿದರೂ ತಳದಲ್ಲೇ ಕೂತಿದೆ ಎಂದು ನಿನ್ನೆ ನೀವೆಲ್ಲ ಗೊಣಗುತ್ತಿದ್ದಿರಿ. ಮಕ್ಕಳೇ, ಬಿಸಿ ಇದ್ದಾಗ ನೀರಿಗೆ ಹೊಟ್ಟೆ ದೊಡ್ಡದು, ಆರಿದರೆ ಚಿಕ್ಕದು. ಇದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಸಂಕ್ರಾಂತಿಗೆ ಎಳ್ಳಿನ ಮೇಲೆ ಸಕ್ಕರೆ ಕಟ್ಟಿ ಕುಸುರೆಳ್ಳು ಮಾಡುತ್ತಿದ್ದ ನಮ್ಮವ್ವನಿಂದ ಕಲಿತೆ.

ಮದುವೆಯಾಗಿ ಸವಣೂರಿನಿಂದ ಹಾನಗಲ್ಲಿಗೆ ಬಂದ ನನಗೆ ಅದು ಮೊದಲ ಸಂಕ್ರಾಂತಿ. ಯುದ್ಧದ ಕಾಲ, ಸಕ್ಕರೆ ರೇಷನ್ ಕಾರ್ಡಿಗೆ ಸಿಕ್ಕಷ್ಟೇ. ಅತ್ತೆ ಅದನ್ನೇ ತಿಂಗಳುಗಟ್ಟಲೆ ಕೂಡಿಟ್ಟು, "ಹೊಸ ಸೊಸಿ ಕೈಲೆ ಓಣಿಗೆಲ್ಲಾ ಕುಸುರೆಳ್ಳು ಹಂಚಸ್ತೇನಿ" ಎಂದು ಸಾರಿಬಿಟ್ಟಿದ್ದರು.

ಕೆಂಡದ ಮೇಲೆ ತಾಟು, ತಾಟಿನಲ್ಲಿ ಎಳ್ಳು. ಅದರ ಮೇಲೆ ಗಟ್ಟಿ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳಾಡಿಸಬೇಕು. ನೀರು ಒಣಗಿಹೋಗುತ್ತದೆ, ಸಕ್ಕರೆ ಎಳ್ಳಿಗೆ ಅಂಟಿ ಸಣ್ಣ ಸಣ್ಣ ಮುಳ್ಳುಗಳಾಗಿ ಏಳುತ್ತದೆ. ದಿನಗಟ್ಟಲೆ ಹೀಗೆ ಹನಿಸಿ, ಹಬ್ಬ ಹತ್ತಿರವಾದಾಗ ಪ್ರತಿ ಎಳ್ಳೂ ಬೆಳ್ಳಗೆ ಮುಳ್ಳೆದ್ದು ಕೂತಿತ್ತು. ಆದರೆ ಪಾಕ ಮುಗಿಯುತ್ತ ಬಂದಿತ್ತು. ಹೆಚ್ಚಾಗಲಿ ಎಂದು ಅತ್ತೆ ಅದಕ್ಕೆ ಒಂದು ತಂಬಿಗೆ ನೀರು ಸುರಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಮನೆಯಲ್ಲಿ "ಹೂಂರಿ" ಬಿಟ್ಟು ಇನ್ನೊಂದು ಮಾತು ನಾನು ಆಡಿರಲಿಲ್ಲ.

ಹಸಿದ ನೀರು ಸಕ್ಕರೆಯನ್ನು ಬಿಟ್ಟೀತೇ? ತೆಳು ಪಾಕ ಬಿದ್ದಲ್ಲೆಲ್ಲ ಮುಳ್ಳು ಕರಗಿ, ತಾಟಿನ ತುಂಬ ಎಳ್ಳಿನ ಅಂಬಲಿಯಾಯಿತು.

"ಅಯ್ಯ ಶಿವನ! ಇನ್ನ ಓಣಿಗೆ ಹ್ಯಾಂಗ ಮಾರಿ ತೋರಸ್ಲಿ?" ಅತ್ತೆ ಸೆರಗನ್ನು ಕಣ್ಣಿಗೊತ್ತಿಕೊಂಡರು.

ಅದನ್ನು ನೋಡಲಾರದೆ ಅಂದೆ: "ಇನ್ನಷ್ಟು ನೀರು ಹಾಕ್ರಿ ಅತ್ತಿ."

ಬಾಗಿಲಲ್ಲಿ ಕೂತಿದ್ದ ನಾದಿನಿ ಗೊಳ್ಳೆಂದು ನಕ್ಕಳು. "ಕೇಳಿದೇನವ್ವ? ಮೂಕಿ ಮಾತಾಡಿದ್ಲು! ಇದನ್ನ ಆಡೂದಾದ್ರ ಸುಮ್ನಿದ್ದದ್ದ ಚಲೋ ಇತ್ತು."

ನಾನು ಬಿಡಲಿಲ್ಲ: "ಬಿಸಿನೀರು ಹಾಕಿ ಪೂರಾ ಕರಗಿಸಿ, ಎಳ್ಳು ಸೋಸೂಣ್ರಿ. ಆಮ್ಯಾಲ ಕುದಿಸಿದ್ರ ನೀರಷ್ಟ ಹೋಗತೈತಿ. ಸಕ್ಕರಿ ಎಲ್ಲಿಗೂ ಹೋಗಂಗಿಲ್ರಿ."

ಅತ್ತೆ ಕಣ್ಣೊರೆಸಿಕೊಂಡು, ಬಿಸಿನೀರಲ್ಲಿ ಕರಗಿಸಿ ಸೋಸಿದ ಪಾಕದ ಪಾತ್ರೆಯನ್ನು ಒಲೆಗೇರಿಸಿದರು. ನೀರು ಆವಿಯಾಗಿ ಹೋಯಿತು, ಪಾಕ ಮತ್ತೆ ಗಟ್ಟಿಯಾಯಿತು. ಒಣಗಿಸಿದ ಎಳ್ಳಿಗೆ ಮೂವರೂ ಸರದಿಯಂತೆ ಹನಿಸಿದೆವು. ನಾದಿನಿಯ ಬೆರಳೂ ಸುಟ್ಟವು, ನಗುವೂ ನಿಂತಿತು. ಮುಳ್ಳೇನೋ ಎದ್ದವು, ಆದರೆ ಹೆಚ್ಚು ಕುದಿದ ಪಾಕದಿಂದ ಬಿಳುಪು ಹೋಗಿ ಹೊಂಬಣ್ಣ ಬಂದಿತ್ತು.

ಹಬ್ಬದ ದಿನ ನಾನು ತಟ್ಟೆ ಹಿಡಿದು ಅತ್ತೆಯ ಹಿಂದೆ ಓಣಿಯಲ್ಲಿ ನಡೆದೆ. ನೆರೆಮನೆಯ ಹೆಂಗಸೊಬ್ಬರು ಅಂಗೈಯಲ್ಲಿ ಹೊರಳಿಸಿ ನೋಡಿ, "ಇದೇನ್ರಿ ಬಣ್ಣ? ಕೇಸರಿ ಹಾಕೀರೇನು?" ಎಂದರು.

"ಸೊಸಿ ತವರುಮನಿ ಪದ್ಧತಿರಿ. ಸವಣೂರಾಗ ಹಿಂಗ ಮಾಡ್ತಾರ. ಹೌದಿಲ್ಲೇನವ್ವ?" ಅತ್ತೆ ನನ್ನತ್ತ ತಿರುಗಿದರು.

ಸವಣೂರಿನಲ್ಲಿ ಅಂಥ ಕುಸುರೆಳ್ಳನ್ನು ನಾನೆಂದೂ ಕಂಡಿರಲಿಲ್ಲ.

"ಹೂಂರಿ," ಎಂದೆ.