ಕೊಂಡ ಹಾಡಿನ ಕೆಳಗೆ ಹೋದ ದನಿ

ಅರಿಶಿಣದ ಕಲೆ ಹತ್ತಿದ ಪೆನ್‌ಡ್ರೈವ್ ಅದು. ನಿಮ್ಮ ಚಿಕ್ಕಮ್ಮನ ಲಗ್ನಪತ್ರಿಕೆಯ ಜೊತೆ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಹೋದ ವಾರ ನಿಮ್ಮಲ್ಲಿ ದೊಡ್ಡವಳು ಅದನ್ನು ಹುಡುಕಿ ತೆಗೆದಳು. ಚಿಕ್ಕಮ್ಮನ ಮದುವೆಯಾದ ದಿನ ಮತ್ತೆ ಹತ್ತಿರ ಬಂತು, ಹಳೆಯ ವಿಡಿಯೋದಿಂದ ಚಿಕ್ಕದೊಂದು ತುಂಡು ಕತ್ತರಿಸಿ ಎಲ್ಲರೂ ನೋಡುವ ಹಾಗೆ ಹಾಕುತ್ತೇನೆ ಎಂದಳು. ಅರಿಶಿಣ ಶಾಸ್ತ್ರದ ಭಾಗವನ್ನೇ ಆರಿಸಿಕೊಂಡಳು. ಹಾಕಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಫೋನಿಗೆ ಸುದ್ದಿ ಬಂತು. ಇದರಲ್ಲಿರುವ ಸಂಗೀತ ಬೇರೆ ಯಾರದೋ ಹಕ್ಕಿನದು, ಆದ್ದರಿಂದ ಸದ್ದು ತೆಗೆದಿದ್ದೇವೆ ಅಂತ.

"ಹೋಗ್ಲಿ ಬಿಡಜ್ಜಿ, ಬೇರೆ ಒಳ್ಳೆ ಹಾಡು ದುಡ್ಡು ಕೊಟ್ಟು ತಗೊಂಡು ಹಾಕ್ತೀನಿ" ಅಂದಳು ದೊಡ್ಡವಳು.

ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಊಟಕ್ಕೂ ಬರಲಿಲ್ಲ. ಅಜ್ಜಿಗೆ ಏನಾಯಿತೆಂದು ನೀವೆಲ್ಲ ಮುಖ ಮುಖ ನೋಡಿಕೊಂಡಿರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಓದುವಾಗಲೂ ಮೇಷ್ಟ್ರು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ಆ ವಿಡಿಯೋದಲ್ಲಿ ಮದುಮಗಳ ಪಕ್ಕ ಕೂತು, ಹಸಿರು ಸೀರೆಯುಟ್ಟು, ದೊಡ್ಡದಾಗಿ ಬಾಯಿ ತೆರೆದು ಹಾಡುತ್ತಿರುವ ಹೆಂಗಸನ್ನು ನೀವು ನೋಡಿದಿರಿ. ಯಾರೆಂದು ಕೇಳಲಿಲ್ಲ. ಅವರು ನಮ್ಮ ಎದುರುಮನೆಯ ಅಕ್ಕ.

ಮೊಳಕಾಲ್ಮೂರಿನಲ್ಲಿ ನಮ್ಮದು ಮಗ್ಗದವರ ಬೀದಿ. ಅಕ್ಕನ ಮನೆಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಅವರು ಬಾಗಿಲಲ್ಲಿ ಕೂತು ರೇಷ್ಮೆ ಎಳೆ ಸುತ್ತುತ್ತಾ ಬೀದಿಯ ಎಲ್ಲರ ಜೊತೆ ಮಾತಾಡುತ್ತಿದ್ದರು. ಮನೆಯವರೊಡನೆ ತೆಲುಗು, ನಮ್ಮೊಡನೆ ಕನ್ನಡ, ಬೈಯುವಾಗ ಯಾವುದು ಮೊದಲು ಬಾಯಿಗೆ ಬಂತೋ ಅದು. ನನ್ನ ಪರವಾಗಿ ತರಕಾರಿಯವನೊಂದಿಗೆ, ನೀರು ಬಿಡುವವನೊಂದಿಗೆ ಜಗಳವಾಡುತ್ತಿದ್ದವರೂ ಅವರೇ. "ನಿನ್ ಬಾಯಿ ಎಲ್ಲಿ ಒತ್ತೆ ಇಟ್ಟಿದ್ದೀಯೇ?" ಎಂದು ಗದರುತ್ತಿದ್ದರು. ನಾನು ನಗುತ್ತಿದ್ದೆ, ಅಷ್ಟೇ.

ಬೀದಿಯಲ್ಲಿ ಯಾರ ಮದುವೆಯಾದರೂ ಅರಿಶಿಣ ಹಚ್ಚುವಾಗ ಅಕ್ಕನೇ ಪದ ಹೇಳಬೇಕು. ಆ ಪದದಲ್ಲಿ ಆ ಮನೆಯವರ ಹೆಸರುಗಳನ್ನು ಒಂದೊಂದಾಗಿ ಪೋಣಿಸಬೇಕು. ಇವಳು ಯಾರ ಮಗಳು, ಯಾರ ಮೊಮ್ಮಗಳು, ಯಾರ ಕೈಯ ಅರಿಶಿಣ ಎಂದು ಒಬ್ಬರು ಕೇಳಿದ ಹಾಗೆ, ಒಬ್ಬರು ಹೇಳಿದ ಹಾಗೆ. ಒಂದು ಮದುವೆಯ ಪದ ಇನ್ನೊಂದಕ್ಕೆ ಬರುವುದಿಲ್ಲ. ಹಂದರವಿಲ್ಲದೆ, ಮದುಮಗಳಿಲ್ಲದೆ ಸುಮ್ಮನೆ ಹೇಳುವ ಪದವೂ ಅಲ್ಲ. ಮತ್ತೆ ಅದರಲ್ಲಿ ಹೋದವರ ಹೆಸರು ಬರಬಾರದು, ಗಂಡ ಸತ್ತವಳ ಹೆಸರಂತೂ ಬರಲೇಬಾರದು ಎಂದು ಲೆಕ್ಕ.

ನಿಮ್ಮ ಚಿಕ್ಕಮ್ಮನಿಗೆ ಅರಿಶಿಣ ಹಚ್ಚುವಾಗ ನಿಮ್ಮ ತಾತ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹೆತ್ತ ಮಗಳ ಕೆನ್ನೆಗೆ ಅರಿಶಿಣ ಮುಟ್ಟಿಸುವ ಹಾಗಿಲ್ಲ, ಇಣುಕಿ ನೋಡಬಹುದು. ಪದ ನಡೆಯುತ್ತಿತ್ತು. ಸೋದರಮಾವನ ಹೆಸರು ಬಂತು, ದೊಡ್ಡಪ್ಪನ ಹೆಸರು ಬಂತು. ಆಮೇಲೆ ಅಕ್ಕ ಒಂದು ಕ್ಷಣ ನಿಲ್ಲಿಸಿ, ತಲೆ ತಿರುಗಿಸಿ, ಬಾಗಿಲ ಕಡೆ ನೋಡಿದರು. ನಿಮ್ಮ ತಾತನ ಹೆಸರು ಹಿಡಿದು ಹಾಡಿದರು. ಅದರ ಬೆನ್ನಿಗೇ ನನ್ನ ಹೆಸರು.

ಹೆಂಗಸರು ಸೊಲ್ಲು ಹಿಡಿಯಲಿಲ್ಲ. ಅಕ್ಕ ಅದೇ ಸಾಲನ್ನು ಇನ್ನೊಂದು ಸಲ, ಇನ್ನೂ ಎತ್ತರಕ್ಕೆ ಹೇಳಿದರು. ಆಗ ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು...

ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನಂತೂ ಒಮ್ಮೆಯೂ ಹೇಳಿದವಳಲ್ಲ. ಅವರ ಹೆಸರಿನ ಪಕ್ಕ ನನ್ನ ಹೆಸರನ್ನು ಸೇರಿಸಿ, ಮಂಗಳದ ಹೊತ್ತಿನಲ್ಲಿ, ಹತ್ತು ಜನರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ವಿಡಿಯೋದವನು ಎದುರಿಗೇ ನಿಂತು ತೆಗೆಯುತ್ತಿದ್ದ. ಬೇಕೆಂದಾಗ ಕೇಳಬಹುದಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಪೆನ್‌ಡ್ರೈವ್ ಬಂದ ದಿನ ಅಕ್ಕನನ್ನು ಕರೆದು, ಟಿವಿಗೆ ಹಾಕಿಸಿಕೊಂಡು ಕೂತೆವು. ಅರಿಶಿಣ ಶಾಸ್ತ್ರ ಶುರುವಾಯಿತು. ಅಕ್ಕನ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಪಿಟೀಲು, ಗಿಟಾರು, ಯಾವುದೋ ಹುಡುಗಿಯ ಹಿಂದಿ ಹಾಡು. ಕೊನೆಯವರೆಗೂ ಅದೇ. ಅಕ್ಕ ಸ್ವಲ್ಪ ಹೊತ್ತು ನೋಡಿದರು. "ನೋಡೇ, ನನ್ ಬಾಯಿಗೆ ಯಾರ್ದೋ ಗಂಟ್ಲು ತಂದು ಹೊಲ್ದವ್ನೆ" ಎಂದು ನಕ್ಕರು. ನಾನು ನಗದೇ ಇದ್ದದ್ದನ್ನು ಕಂಡು ಅವರ ನಗುವೂ ನಿಂತಿತು.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಚಳ್ಳಕೆರೆಗೆ, ವಿಡಿಯೋ ತೆಗೆದವನ ಸ್ಟುಡಿಯೋಗೆ ಹೋದೆವು. ಸ್ಟುಡಿಯೋದವನು ಕೆಟ್ಟವನೇನಲ್ಲ, ಕುರ್ಚಿ ಹಾಕಿ ಟೀ ತರಿಸಿದ. ಅದೇ ನನಗೆ ಇನ್ನೂ ಸಿಟ್ಟು ಬರಿಸುತ್ತದೆ. ತಪ್ಪು ಮಾಡಿದ್ದೇನೆಂದು ಅವನಿಗೆ ಅನಿಸಿರಲೇ ಇಲ್ಲ. "ನೋಡ್ರಮ್ಮ, ಎಲ್ರಂಗೆ ಕದ್ದು ಹಾಕಿಲ್ಲ ನಾನು. ನೆಟ್ಟಲ್ಲಿ ದುಡ್ಡು ಕೊಟ್ಟು ತಗೊಂಡಿರೋ ಹಾಡು. ನೀವು ಹಾಡಿದ್ರಲ್ಲಿ ಬರೀ ಕೆಮ್ಮು, ಪಾತ್ರೆ ಸದ್ದು ಐತೆ, ಯಾರ್ ಕೇಳ್ತಾರೆ?" ಎಂದ.

ಅಕ್ಕ ಟೀ ಲೋಟವನ್ನು ಕೆಳಗಿಟ್ಟರು. "ಅಂದ್ರೆ ಅದ್ಕೆ ದುಡ್ಡು ಕೊಟ್ಟೆ, ಇಟ್ಕೊಂಡೆ. ನಾನು ಪುಕ್ಸಟ್ಟೆ ಹಾಡ್ದೆ, ನೀನು ಒರ್ಸಿ ಬಿಸಾಕ್ದೆ. ಅಷ್ಟೇ ಅಲ್ವೇನಪ್ಪಾ?"

ಅವನು ಕಂಪ್ಯೂಟರಿನ ಕಡೆ ತಿರುಗಿದ. ನಾನು ಯಾರ ಅಂಗಡಿಯಲ್ಲೂ ಬಾಯಿ ತೆರೆದವಳಲ್ಲ. ಅವತ್ತು ನನಗೇ ಗೊತ್ತಿಲ್ಲದೆ ಮಾತು ಬಂತು: "ಅಕ್ಕನ ಪದ ನಂಗೆ ವಾಪಸ್ ಬೇಕು."

ಇಲ್ಲವಂತೆ. ಮುಂದಿನ ಮದುವೆಗೆ ಬೇಕೆಂದು ಕ್ಯಾಮೆರಾದ ಕಾರ್ಡು ಅಳಿಸಿಯಾಗಿದೆಯಂತೆ. ಕಂಪ್ಯೂಟರಿನಲ್ಲಿ ಉಳಿದಿರುವುದು ಹಾಡು ಹಾಕಿದ ವಿಡಿಯೋ ಮಾತ್ರವಂತೆ. "ಬೇಜಾರ್ ಮಾಡ್ಕೋಬೇಡ್ರಿ, ಬೇರೆ ಒಳ್ಳೆ ಹಾಡು ದುಡ್ಡು ಕೊಟ್ಟು ತಗೊಂಡು ಹಾಕ್ಕೊಡ್ತೀನಿ" ಎಂದ.

ದೊಡ್ಡವಳೇ, ನೀನು ಮೊನ್ನೆ ಅಂದದ್ದೂ ಅದೇ ಮಾತು. ನಿನಗೆ ಗೊತ್ತಿರಲಿಲ್ಲ, ಬಿಡು.

ವಾಪಸ್ ಬರುವಾಗ ಬಸ್ಸು ತಳಕು ಊರನ್ನು ದಾಟಿತು. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು, "ನಿನ್ ಮೊಮ್ಮಗಳ ಮದ್ವೆಲಿ ಹೇಳ್ತೀನಿ ಬಿಡೇ. ಇಬ್ರ ಹೆಸ್ರೂ ಸೇರ್ಸಿ" ಎಂದರು. ಆ ದಿನಕ್ಕೆ ಅವರು ಉಳಿಯಲಿಲ್ಲ. ಮೊದಲು ಎದೆಯ ಬೇನೆ ದನಿಯನ್ನು ತೆಗೆದುಕೊಂಡಿತು, ಒಂದು ಮಳೆಗಾಲ ಕಳೆಯುವುದರೊಳಗೆ ಅವರನ್ನೂ... ಅವರ ಮನೆಯಲ್ಲಿ ಈಗ ಮಗ್ಗವಿಲ್ಲ. ಬೀದಿಯಲ್ಲಿ ಆ ಪದ ಬಲ್ಲವರೂ ಇಲ್ಲ. ಅರಿಶಿಣಕ್ಕೆ ಈಗ ಡಬ್ಬದಂಥ ಸ್ಪೀಕರು ತಂದಿಡುತ್ತಾರೆ.

ಸದ್ದು ಯಾಕೆ ತೆಗೆದರು ಎಂದು ಮೊನ್ನೆ ನಾನು ಕೇಳಿದ್ದೆ. ದುಡ್ಡು ಕೊಟ್ಟು ಕೊಂಡರೂ ಆ ಹಾಡು ಕೇಳುವುದಕ್ಕೆ ಮಾತ್ರವಂತೆ, ವಿಡಿಯೋಗೆ ಸೇರಿಸಲು ಬೇರೆ ಅನುಮತಿ ಬೇಕಂತೆ, ಹಾಗೆ ನೀವು ತಿಳಿಸಿ ಹೇಳಿದಿರಿ. ಕೊಂಡ ಸೀರೆಯನ್ನು ಕತ್ತರಿಸಿ ಲಂಗ ಹೊಲಿಸಿದರೆ ನೇಯ್ದವರು ಬಂದು ಕೇಳುವುದಿಲ್ಲ. ಹಾಡಿನ ಕಾನೂನೇ ಬೇರೆ ಇರಬಹುದು, ಇರಲಿ. ಹಾಡಿದವರ ಹಕ್ಕು ಹಾಡಿದವರಿಗೆ ಸಿಗಲಿ. ಆದರೆ ಆ ಹಾಡನ್ನು ಯಾರೋ ಮೊಳಕಾಲ್ಮೂರಿನ ಒಂದು ಮದುವೆಗೆ ಹಾಕಿಕೊಂಡರೆಂದು ಎಲ್ಲೋ ಕೂತ ಯಂತ್ರಕ್ಕೆ ಗೊತ್ತಾಗುತ್ತದೆ, ಕೂಡಲೇ ತಕರಾರು ಬರುತ್ತದೆ. ಅದೇ ಹಾಡನ್ನು ನಮ್ಮ ಅಕ್ಕನ ಬಾಯಿಯ ಮೇಲೆ ಸುರಿದಾಗ ಯಾವ ಯಂತ್ರವೂ ಕೇಳಲಿಲ್ಲ. ಕೇಳಲು ಹೋದ ಇಬ್ಬರು ಹೆಂಗಸರಿಗೆ ಟೀ ಕುಡಿಸಿ ಕಳಿಸಿದರು.

ನಿನ್ನೆ ನೀವೆಲ್ಲ ಹೊರಗೆ ಹೋಗಿದ್ದಾಗ ದೊಡ್ಡವಳ ಹಳೆಯ ಫೋನಿನಲ್ಲಿ ಸದ್ದು ತೆಗೆದ ಆ ವಿಡಿಯೋ ತೆರೆದು ನೋಡಿದೆ. ಪಿಟೀಲು ಇಲ್ಲ, ಆ ಹುಡುಗಿಯೂ ಇಲ್ಲ. ಅವತ್ತಿನಿಂದ ಮೊದಲ ಸಲ ಅಕ್ಕನ ಮುಖದ ಮೇಲೆ ಬೇರೆಯವರ ಸದ್ದಿಲ್ಲ. ಅಕ್ಕ ತಲೆ ತಿರುಗಿಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. ತುಟಿ ಆಡುತ್ತದೆ. ಯಾವುದು ನಿಮ್ಮ ತಾತನ ಹೆಸರು, ಯಾವುದು ನನ್ನದು ಎಂದು ನನಗೆ ಕಾಣುತ್ತದೆ. ಕಿವಿಯನ್ನು ಫೋನಿಗೆ ಒತ್ತಿ ಹಿಡಿದೆ. ಏನೂ ಇಲ್ಲ.

ಅದರ ಮೇಲೆ ಇನ್ನು ಯಾವ ಹಾಡನ್ನೂ ಹಾಕಬೇಡಿ.