ಅಕ್ಕನ ಇಲಿ, ನನ್ನ ರೇಷ್ಮೆ ಚಿಟ್ಟೆ

ನಾನು ಚಿಕ್ಕವನಿದ್ದಾಗ ಕೆಂಗೇರಿಯ ನಮ್ಮ ಮನೆಯಲ್ಲಿ ನಮಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಜಾಗವಿತ್ತು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸಾವಿರಾರು ಹುಳುಗಳು ಮೇಯುವ ಚರಪರ ಸದ್ದು. ನಾವು ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ.

ಆ ಬೇಸಿಗೆ, ಮಿಲಿಟರಿಯಲ್ಲಿದ್ದ ಮಾವ ರಾಜಸ್ಥಾನದಿಂದ ರಜಕ್ಕೆ ಬರುವಾಗ ಅಕ್ಕನಿಗೆಂದು ತೂತು ಕೊರೆದ ಬಿಸ್ಕತ್ತಿನ ಡಬ್ಬಿಯಲ್ಲಿ ಮರುಭೂಮಿಯ ಇಲಿಯೊಂದನ್ನು ತಂದರು. ಮರಳಿನ ಬಣ್ಣ, ಬಾಲದ ತುದಿಗೆ ಕಪ್ಪು ಕುಚ್ಚು. "ಇದು ನೀರೇ ಕುಡಿಯಲ್ಲ. ಕಾಳಲ್ಲಿರೋ ಪಸೆನೇ ಇದಕ್ಕೆ ಸಾಕು" ಎಂದರು. ಬೀದಿಯ ಮಕ್ಕಳೆಲ್ಲ ಅಕ್ಕನ ಹಿಂದೆ ಬಿದ್ದರು. ನನಗೆ ಹೊಟ್ಟೆಕಿಚ್ಚು. ನನ್ನ ಹತ್ತಿರ ಗೂಡು ತೂತು ಮಾಡಿಕೊಂಡು ಆಗಷ್ಟೇ ಹೊರಬಂದ ಬಿಳಿ ರೇಷ್ಮೆ ಚಿಟ್ಟೆಯೊಂದಿತ್ತು.

"ನಿನ್ನ ಇಲಿ ನೀರು ಮಾತ್ರ ಕುಡಿಯಲ್ಲ. ನನ್ನ ಚಿಟ್ಟೆ ಊಟಾನೂ ಮಾಡಲ್ಲ, ಗೊತ್ತಾ?" ಎಂದೆ.

"ಹೋಗೋ! ಹಾರೋಕೂ ಬರಲ್ಲ ಅದಕ್ಕೆ" ಎಂದು ಅಕ್ಕ ನಕ್ಕಳು.

ಮರುದಿನ ಅವಳು ರಾಜಾಜಿನಗರದ ಚಿಕ್ಕಮ್ಮನ ಮನೆಗೆ ಹೊರಟಳು. "ದಿನಾ ರಾಗಿ ಹಾಕೋ, ಮರೀಬೇಡ" ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಮರೆಯಲಿಲ್ಲ. ಬೇಕೆಂದೇ ಹಾಕಲಿಲ್ಲ. ಯಾವುದು ಗೆಲ್ಲುತ್ತದೋ ನೋಡಿಯೇ ಬಿಡೋಣ ಎಂಬ ಹಟ. ಎರಡನೆಯ ದಿನ ಇಲಿ ಮುದುಡಿ ಕೂತಿತು. ನಮ್ಮ ಹುಳುಗಳೂ ಪೊರೆ ಬಿಡುವ ಮುಂಚೆ ಹೀಗೇ ಅಲುಗದೆ ಕೂರುತ್ತವೆ. ಆಗ ಸೊಪ್ಪು ಹಾಕಬಾರದು, ತಾವಾಗಿಯೇ ಏಳುತ್ತವೆ ಎಂದು ಅಪ್ಪ ಕಲಿಸಿದ್ದರು. ಇದೂ ಏಳುತ್ತದೆ ಎಂದುಕೊಂಡು ಸುಮ್ಮನಾದೆ.

ಮೂರನೆಯ ಬೆಳಿಗ್ಗೆ ಅದು ತಣ್ಣಗಾಗಿತ್ತು. ಪಕ್ಕದಲ್ಲೇ ಚಿಟ್ಟೆ ಪಟಪಟ ರೆಕ್ಕೆ ಬಡಿಯುತ್ತಿತ್ತು. ಅಪ್ಪನ ಬಳಿ ಓಡಿದೆ.

"ಊಟ ಇಲ್ದೆ ಚಿಟ್ಟೆ ಹೆಂಗಪ್ಪಾ ಬದುಕುತ್ತೆ?"

"ಹುಳ ಆಗಿದ್ದಾಗ್ಲೇ ಜನ್ಮಕ್ಕಾಗೋಷ್ಟು ತಿಂದಿರುತ್ತೆ ಕಣೋ. ಇಲಿ ಹಂಗಲ್ಲ, ದಿನಾ ತಿನ್ಬೇಕು."

ನೀರು ಕುಡಿಯದ ಇಲಿಗೆ ಆ ಹಿಡಿ ರಾಗಿಯೇ ಊಟ, ಅದೇ ನೀರು. ಎರಡನ್ನೂ ಕಿತ್ತುಕೊಂಡವನು ನಾನು. ಅಯ್ಯೋ, ಎಂಥ ಪಾಪದ ಕೆಲಸ!

ಸಂಜೆ ಅಕ್ಕ ಬಂದಳು. "ರಾಗಿ ಹಾಕಿದ್ದೆ ಅಕ್ಕ, ಅದೇ ತಿನ್ಲಿಲ್ಲ" ಎಂದುಬಿಟ್ಟೆ. ಅಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಸಿದು ಕೂತಳು. "ನಾನು ಬಿಟ್ಟು ಹೋಗ್ಬಾರ್ದಿತ್ತು ಕಣೋ. ನನ್ನ ಕಾಣ್ದೆ ಊಟ ಬಿಟ್ಬಿಡ್ತು." ಆಮೇಲೆ ಅವಳು ಯಾವ ಪ್ರಾಣಿಯನ್ನೂ ಸಾಕಲಿಲ್ಲ.

ಮಕ್ಕಳೇ, ನೀವು ಬೆಳಿಗ್ಗೆ ಜಗಳವಾಡಿ ಮಧ್ಯಾಹ್ನದೊಳಗೆ ಫೋನಿನಲ್ಲೇ 'ಸಾರಿ' ಕಳಿಸಿಬಿಡುತ್ತೀರಿ. ನಮ್ಮ ಮನೆಯಲ್ಲಿ ಆ ಪದವೇ ಇರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ಐವತ್ತು ವರ್ಷ ತಳ್ಳಿದೆ. ನೀವು ದೊಡ್ಡಜ್ಜಿ ಎನ್ನುತ್ತಿದ್ದಿರಲ್ಲ, ಅವಳೇ ನನ್ನ ಅಕ್ಕ. ಹೋದ ವರ್ಷ ಅವಳು ತೀರಿಕೊಳ್ಳುವವರೆಗೂ, ಇಲಿ ಸತ್ತದ್ದು ತನ್ನಿಂದಲೇ ಎಂದು ನಂಬಿದ್ದಳು.