ಸುಟ್ಟ ಸಕ್ಕರೆಯ ಅಕ್ಕ

ಅಡಾಜಣ್ ಬಡಾವಣೆಯಲ್ಲಿ ನಮ್ಮ ಎದುರುಮನೆಯ ಧಾರವಾಡದ ಅಕ್ಕ ನನ್ನನ್ನು ಕಂಡೊಡನೆ, "ಮೊದಲ ಬಾಗಲಾ ಹಾಕ್ರಿ" ಅನ್ನುತ್ತಿದ್ದರು. ಪಾನನಿಷೇಧದ ರಾಜ್ಯದಲ್ಲಿ ಅವರ ಯಜಮಾನರು ಕದ್ದು ತರುತ್ತಿದ್ದ ಬಿಳಿ ಸ್ಪಿರಿಟ್ಟಿಗೆ ವಿಸ್ಕಿಯ ಬಣ್ಣ ಬರಲೆಂದು ಅಕ್ಕ ಸಕ್ಕರೆ ಸುಡಬೇಕಿತ್ತು. ಸಿಕ್ಕಿಬಿದ್ದರೆ ಜೈಲು. ಬಳೆ ಸದ್ದಾಗದಂತೆ ಮೊಣಕೈಗೆ ಸರಿಸಿಕೊಂಡೇ ಸೌಟು ಹಿಡಿಯುತ್ತಿದ್ದರು.

ಒಂದು ಸಂಜೆ ಸಕ್ಕರೆ ಕೆಂಪಾಗುತ್ತಿರುವಾಗಲೇ ಪೊಲೀಸಿನವನೊಬ್ಬ ಬಾಗಿಲು ತಟ್ಟಿ ಒಳಬಂದ.

"ಏನಿದು ವಾಸನೆ, ಬೆನ್?" ಎಂದು ಅಕ್ಕನನ್ನು ಹಿಂದಿಯಲ್ಲಿ ಕೇಳಿದ.

ಅಕ್ಕ ಬಾಣಲೆಗೆ ಹಾಲು ಸುರಿದು, ಏಲಕ್ಕಿ ಉದುರಿಸಿ, ಬಟ್ಟಲು ತುಂಬಿ ಅವನ ಮುಂದಿಟ್ಟರು.

"ಪಾಯಸ, ಭಾಯ್."

"ಕಹಿಯಾಗಿದೆಯಲ್ಲ?"

"ಈಕೆ ಮಾತಿಗೆ ಕೂತರೆ ಸಕ್ಕರೆ ಸೀಯದೆ ಇರುತ್ತದೆಯೇ?" ಎಂದು ನನ್ನತ್ತ ಕೈ ತೋರಿಸಿದರು.

ಅವನು ನಕ್ಕು ಹೊರಟುಹೋದ. ನಾನು ಚಿಲಕ ಹಾಕಿ ಬಂದೆ. ಅಕ್ಕನ ಬಳೆಗಳು ಮುಂಗೈಗೆ ಜಾರಿ, ನಿಲ್ಲದೆ ಸದ್ದು ಮಾಡುತ್ತಿದ್ದವು.

"ಮೊದಲ ಬಾಗಲಾ ಹಾಕ್ರಿ."

"ಹಾಕಿದೀನಿ ಅಕ್ಕ."

"ಬಾಗಲಾ ಹಾಕ್ರಿ, ತಂಗಿ."